ಕರ್ಣ ಯಾವುದು, ವಿಕರ್ಣ ಯಾವುದು? ಗಾರೆ ಕೆಲಸದ ‘ಕ್ರಾಸ್’ ಇವೆರಡರಲ್ಲಿ ಯಾವುದು?

ಬಳಪ_ಹಲಗೆ
ನಮ್ಮ ಕನ್ನಡ ಮಾಧ್ಯಮದ ಗಣಿತ ಪುಸ್ತಕದಲ್ಲಿ ಲಂಬಕೋನ ತ್ರಿಭುಜದ ಅತಿ ಉದ್ದದ ಬಾಹುವಿಗೆ ‘ವಿಕರ್ಣ’ ಎಂದಿದೆ. ಆಯತ, ಚೌಕಗಳಲ್ಲಿ ಎದುರುಬದುರು ಮೂಲೆ ಸೇರಿಸುವ ಗೆರೆಗೆ ‘ಕರ್ಣ’. ಹಿಂದಿ ಪಾಠ ತೆರೆದರೆ ಪೂರ್ತಿ ತಿರುಗುಮುರುಗು: ತ್ರಿಭುಜದ್ದು ‘ಕರ್ಣ್’, ಚತುರ್ಭುಜದ್ದು ‘ವಿಕರ್ಣ್’. ಎರಡನ್ನೂ ನೋಡುವ ಮಕ್ಕಳು ಪೈಥಾಗೊರಸ್ ಪ್ರಮೇಯ ಬರೆಯುವ ಹೊತ್ತಿಗೆ ಪೆನ್ನು ಎತ್ತಿಕೊಂಡು ಕೂರುತ್ತಾರೆ.

ಮೂರು ಪ್ರಶ್ನೆ. ಯಾವುದು ಸರಿ? ಕಿವಿಗೆ ಕರ್ಣ ಅನ್ನುತ್ತೇವಲ್ಲ, ಗೆರೆಗೂ ಅದೇ ಹೆಸರು ಹೇಗೆ ಬಂತು? ಪಾಯ ಹಾಕುವವರು ‘ಕ್ರಾಸ್ ಹಿಡಿ’ ಅನ್ನುವುದು ಇದನ್ನೇನಾ?

ಭುಜಕೋಟಿ
ಮೇಷ್ಟ್ರೇ, ಸರಿ-ತಪ್ಪಿನ ಪ್ರಶ್ನೆ ಇದಲ್ಲ. ಯಾವ ಭಾಷೆಯ ಪಠ್ಯ ಯಾವ ಪದಕ್ಕೆ ಗಂಟು ಬಿದ್ದಿದೆ ಅನ್ನುವುದಷ್ಟೇ. ಮಲಯಾಳ ಹಿಂದಿಯ ಕಡೆ: ತ್ರಿಭುಜಕ್ಕೆ ‘ಕರ್ಣಂ’, ಚತುರ್ಭುಜಕ್ಕೆ ‘ವಿಕರ್ಣಂ’. ಮರಾಠಿಯಲ್ಲಿ ಎರಡಕ್ಕೂ ‘ಕರ್ಣ’. ತಮಿಳಿನಲ್ಲಿ ಚತುರ್ಭುಜದ್ದು ‘ಮೂಲೈವಿಟ್ಟಂ’. ಪದದಲ್ಲೇ ‘ಮೂಲೆ’ ಇದೆ ನೋಡಿ, ಅರ್ಥ ಹೇಳಿಕೊಡುವ ಕೆಲಸವೇ ಇಲ್ಲ.

ಹಳೆಯ ಸಂಸ್ಕೃತ ಗಣಿತದಲ್ಲಿ ಎರಡಕ್ಕೂ ಕರ್ಣವೇ. ಲಂಬಕೋನದ ಅಕ್ಕಪಕ್ಕದ ಎರಡು ಬದಿ ಭುಜ, ಕೋಟಿ, ಎದುರಿನದು ಕರ್ಣ; ಚತುರ್ಭುಜದ ಅಡ್ಡಗೆರೆಗೂ ಕರ್ಣ. ಆಯತವನ್ನು ಅರ್ಧಕ್ಕೆ ಸೀಳಿದರೆ ಅದರ ಕರ್ಣವೇ ತ್ರಿಭುಜದ ಉದ್ದನೆಯ ಬದಿ ಆಗುತ್ತದೆ. ಗೆರೆ ಒಂದೇ ಆದ್ದರಿಂದ ಅವರಿಗೆ ಎರಡು ಹೆಸರು ಬೇಕಾಗಲಿಲ್ಲ.

ನಮ್ಮ ಪುಸ್ತಕದವರ ಪರವಾಗಿ ಒಂದು ಮಾತು. ಕರ್ಣ ಎಂದರೆ ಪಕ್ಕಪಕ್ಕದಲ್ಲಿಲ್ಲದ ಎರಡು ಶೃಂಗಗಳನ್ನು ಸೇರಿಸುವ ಗೆರೆ. ತ್ರಿಭುಜದಲ್ಲಿ ಎಲ್ಲ ಶೃಂಗಗಳೂ ಪಕ್ಕಪಕ್ಕವೇ, ಅಲ್ಲಿ ಆ ಅರ್ಥದ ಕರ್ಣ ಇರಲಾರದು. ಬಾಹುಗಳ ಸಂಖ್ಯೆ n ಆದರೆ ಕರ್ಣಗಳು n(n−3)/2: ತ್ರಿಭುಜಕ್ಕೆ 0, ಚತುರ್ಭುಜಕ್ಕೆ 2, ಪಂಚಭುಜಕ್ಕೆ 5, ಷಡ್ಭುಜಕ್ಕೆ 9. ಹಾಗಾಗಿ ತ್ರಿಭುಜದ ಬದಿಗೆ ಬೇರೆ ಹೆಸರಿಟ್ಟದ್ದು ಉಪಯೋಗಕ್ಕೇ ಬರುತ್ತದೆ. ಪರೀಕ್ಷೆಯಲ್ಲಿ ನಮ್ಮ ಪುಸ್ತಕದ ಪದವೇ ಬರೆಯಲಿ.

ಕಪ್ಪುಹಲಗೆ_2
ನೆನಪಿಗೆ ಒಂದು ದಾರಿ. ಸಭೆಯಲ್ಲಿ ದ್ರೌಪದಿಯ ಪರ ಎದ್ದು ದುರ್ಯೋಧನನ ಎದುರು ನಿಂತವನು ವಿಕರ್ಣ. ಲಂಬಕೋನದ ಎದುರು ನಿಲ್ಲುವ ಬದಿಯೂ ವಿಕರ್ಣ. ಮಕ್ಕಳು ಮರೆಯುವುದಿಲ್ಲ.

ಬಳಪ_ಹಲಗೆ
ಇದು ನಾಳೆಯೇ ತರಗತಿಗೆ ಹೋಗುತ್ತದೆ! ಕಿವಿಯ ವಿಷಯ ಉಳಿಯಿತು.

ಭುಜಕೋಟಿ
ಕರ್ಣ ಪದಕ್ಕೆ ಕಿವಿ ಮಾತ್ರ ಅರ್ಥವಲ್ಲ. ದೋಣಿಯ ಚುಕ್ಕಾಣಿಗೂ ಕರ್ಣ, ಅದನ್ನು ಹಿಡಿದವನು ಕರ್ಣಧಾರ. ಪಾತ್ರೆಯ ಹಿಡಿಕೆಗೂ ಸಂಸ್ಕೃತದಲ್ಲಿ ಆ ಅರ್ಥವಿದೆ. ನಾವೂ ಬಾಣಲೆಯ ಕಿವಿ ಅನ್ನುತ್ತೇವಲ್ಲ. ಹೊರಕ್ಕೆ ಚಾಚಿದ ತುದಿ ಎಂಬ ಭಾವ ಎಲ್ಲದರಲ್ಲೂ ಇದೆ, ಮೂಲೆಯಿಂದ ಮೂಲೆಗೆ ಎಳೆದ ಗೆರೆಗೆ ಅದು ಒಗ್ಗುತ್ತದೆ ಅನ್ನುವುದು ನನ್ನ ಲೆಕ್ಕ.

ತಮಾಷೆ ಇರುವುದು ಮುಂದೆ. ಗಣಿತವನ್ನು ಶ್ಲೋಕದಲ್ಲಿ ಬರೆಯುವಾಗ ಛಂದಸ್ಸಿಗೆ ‘ಕರ್ಣ’ ಕೂರದಿದ್ದರೆ ಕಿವಿಯ ಇನ್ನೊಂದು ಹೆಸರನ್ನು ತಂದು ಹಾಕುತ್ತಿದ್ದರು: ಶ್ರುತಿ, ಶ್ರವಣ. 1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯ ಒಂದೇ ಸೂತ್ರದೊಳಗೆ ಒಮ್ಮೆ ‘ಕರ್ಣ’, ಇನ್ನೊಮ್ಮೆ ‘ಶ್ರುತಿ’ ಅನ್ನುತ್ತಾನೆ. ಎರಡೂ ಅದೇ ಗೆರೆ. ಗೊತ್ತಿಲ್ಲದವರು ಅಲ್ಲಿ ವೇದವನ್ನೋ ಸಂಗೀತವನ್ನೋ ಹುಡುಕಬೇಕಾದೀತು.

ಅದೇ ಪುಸ್ತಕದ ನವಿಲು-ಹಾವಿನ ಲೆಕ್ಕ ಕರ್ಣಕ್ಕೆ ಒಳ್ಳೆಯ ಉದಾಹರಣೆ. 9 ಮೊಳ ಎತ್ತರದ ಕಂಬದ ತುದಿಯಲ್ಲಿ ನವಿಲು, ಕಂಬದ ಬುಡದಲ್ಲಿ ಹಾವಿನ ಬಿಲ. ಹಾವು 27 ಮೊಳ ದೂರದಿಂದ ಬಿಲದತ್ತ ಬರುತ್ತಿದೆ. ನವಿಲು ಓರೆಯಾಗಿ ಎರಗುತ್ತದೆ, ಇಬ್ಬರೂ ಸಮದೂರ ಚಲಿಸಿ ಒಂದೆಡೆ ಸೇರುತ್ತಾರೆ. ಬಿಲದಿಂದ ಆ ಜಾಗಕ್ಕೆ x ಮೊಳ ಎಂದುಕೊಳ್ಳಿ. x² + 81 = (27 − x)². x² ಎರಡೂ ಕಡೆ ಹೋಗಿ 54x = 648, x = 12. ನವಿಲು ಹಾರಿದ ಕರ್ಣ 15. ಅಂದರೆ 9-12-15, ನಮ್ಮ 3-4-5ರ ಮೂರು ಪಟ್ಟು.

ಓದುಗ_ಮಾತ್ರ
ಹಾಗಾದರೆ ಗಣಿತದ ‘ಕರಣಿ’ ಕೂಡ ಕರ್ಣದಿಂದ ಬಂದದ್ದಾ? ಊರ ಲೆಕ್ಕ ಬರೆಯುತ್ತಿದ್ದ ಕರಣಿಕ?

ಭುಜಕೋಟಿ
ಎರಡೂ ಅಲ್ಲ. ಅವು ‘ಕರಣ’, ಅಂದರೆ ಮಾಡುವುದು ಎಂಬ ಪದದ ಕಡೆಯವು. ಶುಲ್ಬಸೂತ್ರದಲ್ಲಿ, ಅಂದರೆ ಯಜ್ಞವೇದಿ ಅಳೆದು ಕಟ್ಟುವ ಹಳೆಯ ಸೂತ್ರಗಳಲ್ಲಿ, ‘ದ್ವಿಕರಣಿ’ ಎಂದರೆ ಎರಡು ಪಟ್ಟು ಕ್ಷೇತ್ರಫಲದ ಚೌಕವನ್ನು ಉಂಟುಮಾಡುವ ಹಗ್ಗ, ಅಂದರೆ √2. ಅದು ಮೂಲ ಚೌಕದ ಕರ್ಣದಷ್ಟೇ ಉದ್ದ, ಆದ್ದರಿಂದ ಗೊಂದಲ ಸಹಜ. ಬೌಧಾಯನ ಶುಲ್ಬಸೂತ್ರದಲ್ಲಿ ಅಡ್ಡಗೆರೆಗೆ ‘ಅಕ್ಷ್ಣಯಾ ರಜ್ಜು’ ಅನ್ನುತ್ತಾರೆ, ಓರೆ ಹಗ್ಗ. ಬೌಧಾಯನದ ಮಾತಿನ ತಾತ್ಪರ್ಯ: ಆಯತದ ಉದ್ದ ಮತ್ತು ಅಗಲ ಬೇರೆಬೇರೆಯಾಗಿ ಉಂಟುಮಾಡುವ ಕ್ಷೇತ್ರಗಳೆರಡನ್ನೂ ಓರೆ ಹಗ್ಗ ಒಂದೇ ಉಂಟುಮಾಡುತ್ತದೆ. √2ಕ್ಕೆ ಅಲ್ಲಿರುವ ಬೆಲೆ 1 + 1/3 + 1/12 − 1/408, ಒಟ್ಟು 577/408 = 1.4142157. ನಿಜ ಬೆಲೆ 1.4142136. ಆರನೇ ದಶಮಾಂಶ ಸ್ಥಾನದಲ್ಲಿ ವ್ಯತ್ಯಾಸ. ಯಜ್ಞವೇದಿಗೆ ಬಿಡಿ, ಇವತ್ತಿನ ಕಟ್ಟಡಕ್ಕೂ ಸಾಕಾಗಿ ಮಿಗುತ್ತದೆ.

ಗೂಟದಾರ
ಮೂರನೇ ಪ್ರಶ್ನೆಗೆ ನಾ ಹೇಳ್ತೀನ್ರಿ. ಸೈಟಿನ್ಯಾಗ ಕ್ರಾಸ್ ಅಂದ್ರ ಮೂಲಿಯಿಂದ ಮೂಲಿಗೆ ಅಳತಿ, ಪುಸ್ತಕದ ಕರ್ಣನ. ನಾಲ್ಕೂ ಬದಿ ಸರಿ ಇದ್ದು ಎರಡೂ ಕ್ರಾಸ್ ಒಂದೇ ಬಂದ್ರ ಮೂಲಿ ಕಾಟಕೋನ (ಲಂಬಕೋನ) ಆತು ಅಂತ ಲೆಕ್ಕ. ಬೆಂಗಳೂರಾಗ 30×40 ಸೈಟ್ ಇಷ್ಟು ಓಡ್ತದಲ್ಲ, ಅದರ ಕ್ರಾಸ್ ನೆಟ್ಟಗ 50 ಅಡಿ. ಯಾವ ಲೆಕ್ಕಾನೂ ಬೇಡ.

ಬಾಕಿ ಸೈಟಿಂದು ಬರಕೋರಿ (1 ಇಂಚಿಗೆ 8 ನೂಲು):
20×30 ಆದ್ರ 36 ಅಡಿ 5 ನೂಲು.
40×60 ಆದ್ರ 72 ಅಡಿ 1 ಇಂಚು 3 ನೂಲು.
50×80 ಆದ್ರ 94 ಅಡಿ 4 ಇಂಚು, ಮ್ಯಾಲೆ ಅರ್ಧ ನೂಲು.

ಒಂದು ತಪ್ಪು ಭಾಳ ಮಂದಿ ಮಾಡ್ತಾರ. ಫೋನಿನ್ಯಾಗ 20×30 ಹಾಕಿದ್ರ 36.06 ಅಂತ ಬರ್ತದ. ಅದನ್ನ 36 ಅಡಿ 6 ಇಂಚು ಅಂತ ಓದಿ ಗೂಟ ಹೊಡೀತಾರ. ಆ .06 ಅನ್ನೂದು ಅಡಿದು, ಇಂಚಿಂದಲ್ಲ. ಚುಕ್ಕಿ ಮುಂದಿನದನ್ನ 12ರಿಂದ ಗುಣಿಸಿದ್ರ ಇಂಚು, ಅದರಾಗ ಉಳಿದ ಚುಕ್ಕಿ ಭಾಗಾನ 8ರಿಂದ ಗುಣಿಸಿದ್ರ ನೂಲು.

ಹೊಸಮನೆ_ಕನಸು
ನಮ್ಮ ಕಟ್ಟಡ ಹೊರಗೋಡೆಯಿಂದ ಹೊರಗೋಡೆಗೆ 24×33. ಮೇಸ್ತ್ರಿ 3-4-5 ಮೂಲೆಮಟ್ಟ ಹಿಡಿದು ಮಾರ್ಕಿಂಗ್ ಮಾಡುತ್ತೇನೆ ಅಂತಾರೆ. ಅದು ಸಾಕಾ?

ಗೂಟದಾರ
ಸಾಲಂಗಿಲ್ಲ. 3-4-5 ಸುಳ್ಳಲ್ಲ, ಆದ್ರ ಅಡಿ ಲೆಕ್ಕದಾಗ ಹಿಡದ್ರ ಭಾಳ ಸಣ್ಣದು. 5 ಅಡಿ ಕ್ರಾಸಿನ್ಯಾಗ ಒಂದೇ ನೂಲು ತಪ್ಪಿದ್ರೂ ಆ ಗೆರಿ 40 ಅಡಿ ಹೋಗೂದ್ರಾಗ 2 ಇಂಚು ಸರೀತದ. 9-12-15 ಹಿಡದ್ರ ಅದೇ ಒಂದು ನೂಲಿನ ತಪ್ಪಿಗೆ 5-6 ನೂಲು. 30-40-50 ಹಿಡದ್ರ 2 ನೂಲಿನ ಒಳಗ. ಅದಕ್ಕ ಎಷ್ಟು ದೊಡ್ಡ ತ್ರಿಕೋನ ಹಿಡಸ್ತದೋ ಅಷ್ಟು ದೊಡ್ಡದು ಹಿಡೀರಿ. ಒಳಗಿನ ಸಣ್ಣ ಗೋಡೆಗೆ, ಮೆಟ್ಟಲಿಗೆ ಮೂಲೆಮಟ್ಟ ನಡೀತದ. ಪಾಯಕ್ಕ ಇಡೀ ಕಟ್ಟಡದ ಕ್ರಾಸ್ ಬೇಕು.

ನಿಮ್ಮ 24×33ಕ್ಕ ಕ್ರಾಸ್ 40.804 ಅಡಿ, ಅಂದ್ರ 40 ಅಡಿ 9 ಇಂಚು 5 ನೂಲು. ಹಿಡಿಯೂ ಕ್ರಮ ಹೀಂಗ:

ರಸ್ತೆ ಕಡೆ ಜಾಗ ಬಿಟ್ಟು ಮುಂದಿನ ದಾರ ಬಿಗೀರಿ. ಅದರ ಮ್ಯಾಲೆ 24 ಅಡಿಗೆ ಎರಡು ಗೂಟ, ಗೂಟದ ತಲಿಗೆ ಮೊಳಿ. ಅಳತಿ ಮೊಳಿಯಿಂದ ಮೊಳಿಗೆ, ಗೂಟದ ಅಂಚಿಂದಲ್ಲ. ಈಗ ಎರಡು ಟೇಪ್ ಬೇಕು. ಎಡಗಡೆ ಮೊಳಿಯಿಂದ 33, ಬಲಗಡೆ ಮೊಳಿಯಿಂದ 40-9-5. ಎರಡೂ ಟೇಪ್ ಕೂಡಿದಲ್ಲಿ ಹಿಂದಿನ ಎಡಗಡೆ ಗೂಟ. ಹಂಗs ಆ ಕಡೆಯಿಂದ ಬಲಗಡೆ ಗೂಟ. ಇಷ್ಟಾದ ಮ್ಯಾಲೆ ಹಿಂದಿನ ಎರಡು ಮೊಳಿ ನಡುವ 24 ಬರಬೇಕು. ಬರಲಿಲ್ಲಂದ್ರ ಎಲ್ಲೋ ಟೇಪ್ ಜೋಲು ಬಿದ್ದದ.

ಬಟ್ಟಿ ಟೇಪ್ ಬ್ಯಾಡ, ಎಳದಷ್ಟು ಹಿಗ್ಗತದ. ಉಕ್ಕಿನ ಟೇಪ್ ತರ್ರಿ. ತುದಿಯ ಕೊಕ್ಕಿ ಸವದಿದ್ರ 1 ಅಡಿ ಗುರುತಿಂದ ಹಿಡೀತೀವಿ, ಆಮ್ಯಾಲೆ ಆ 1 ಅಡಿ ಕಳಿಯೂದು ಮರೀತೀವಿ. ಒಬ್ಬರು ಬಾಯಿಬಿಟ್ಟು ‘ಒಂದರಿಂದ’ ಅಂತ ಕೂಗಲಿ.

ನೆಲ ಇಳಿಜಾರಿದ್ರ ಟೇಪ್ ನೆಲದ ಜೋಡಿ ಇಳಿಬಾರದು. 50 ಅಡಿಗೆ 2 ಅಡಿ ಇಳಿಜಾರಿದ್ರ ನೆಲದ ಮ್ಯಾಲಿನ ಅಳತಿ ಅರ್ಧ ಇಂಚು ಹೆಚ್ಚು ತೋರಸ್ತದ. ಟೇಪ್ ಮಟ್ಟಕ್ಕ ಹಿಡದು ತೂಗುಗುಂಡು ಇಳಿಬಿಟ್ಟು ಗುರುತು ಹಾಕ್ರಿ.

ಸಿವಿಲ್_ಡಿಪ್ಲೊಮಾ
ಒಂದು ಸೇರ್ಪಡೆ. ಡ್ರಾಯಿಂಗಿನಲ್ಲಿ ಕೊಟ್ಟ ಅಳತೆ ಹೊರಗೋಡೆಯದ್ದೋ ಕಂಬದ ನಡುಗೆರೆಯದ್ದೋ ಮೊದಲೇ ಕೇಳಿಕೊಳ್ಳಿ. ಹೊರಗೋಡೆ 24×33 ಇದ್ದು ಗೋಡೆ 9 ಇಂಚು ದಪ್ಪ ಇದ್ದರೆ ನಡುಗೆರೆ 23 ಅಡಿ 3 ಇಂಚು × 32 ಅಡಿ 3 ಇಂಚು. ಕ್ರಾಸೂ ಬೇರೆ. ಒಂದು ಬದಿ ನಡುಗೆರೆಗೆ, ಇನ್ನೊಂದು ಹೊರಗೆರೆಗೆ ಹಿಡಿದರೆ ಯಾವ ಕ್ರಾಸೂ ಕೂಡುವುದಿಲ್ಲ.

ಎರಡು ಕ್ರಾಸ್ ನಡುವೆ 3 ಇಂಚು ವ್ಯತ್ಯಾಸ ಬಂದರೆ ಹಿಂದಿನ ಗೂಟಗಳನ್ನು ಅದರ ಅರ್ಧ, ಒಂದೂವರೆ ಇಂಚು, ಸರಿಸಿದರೆ ಆಯಿತು.

ಭುಜಕೋಟಿ
ಕೊನೆಯ ಸಾಲು ಒಪ್ಪುವಂತಿಲ್ಲ ಸರ್. ಗೂಟ ಸರಿಯುವುದು ಬದಿಯ ದಿಕ್ಕಿನಲ್ಲಿ, ಕರ್ಣ ಇರುವುದು ಓರೆಯಾಗಿ. ಆದ್ದರಿಂದ ಗೂಟ ಸರಿದಷ್ಟೂ ಕರ್ಣಕ್ಕೆ ತಲುಪುವುದಿಲ್ಲ. ಲೆಕ್ಕ ಹೀಗೆ: ವ್ಯತ್ಯಾಸ × ಕರ್ಣ ÷ (2 × ಹಿಂದಿನ ಬದಿ). ರಸ್ತೆ ಕಡೆ 30, ಆಳ 40, ಕರ್ಣ 50 ಇರುವಲ್ಲಿ 3 ಇಂಚು ವ್ಯತ್ಯಾಸಕ್ಕೆ 3 × 50 ÷ 60 = ಎರಡೂವರೆ ಇಂಚು. ನೀವು ಹೇಳಿದಂತೆ ಒಂದೂವರೆ ಇಂಚು ಸರಿಸಿದರೆ ಇನ್ನೂ 1.2 ಇಂಚು ವ್ಯತ್ಯಾಸ ಉಳಿಯುತ್ತದೆ. ಪೂರ್ತಿ ಚೌಕವಾದರೆ ವ್ಯತ್ಯಾಸದ 0.7 ಪಾಲು ಸರಿಸಬೇಕು.

ದಿಕ್ಕು: ಮುಂದಿನ ಎಡ ಮೂಲೆಯಿಂದ ಹಿಂದಿನ ಬಲ ಮೂಲೆಗೆ ಹೋಗುವ ಕರ್ಣ ಉದ್ದವಿದ್ದರೆ ಹಿಂದಿನ ಎರಡೂ ಗೂಟಗಳನ್ನು ಒಟ್ಟಿಗೆ ಎಡಕ್ಕೆ ಸರಿಸಿ. ಒಂದನ್ನೇ ಸರಿಸಿದರೆ ಹಿಂದಿನ ಬದಿಯ ಅಳತೆಯೇ ಕೆಡುತ್ತದೆ.

ಸಿವಿಲ್_ಡಿಪ್ಲೊಮಾ
ಸರಿ ಸರ್, ತಪ್ಪು ನನ್ನದೇ. ಅರ್ಧ ಸರಿಸಿ, ಮತ್ತೆ ಅಳೆದು, ಮತ್ತೆ ಅರ್ಧ ಸರಿಸುತ್ತಾ ಹೋಗುವ ರೂಢಿಯಲ್ಲಿ ಇದು ಮುಚ್ಚಿಹೋಗುತ್ತದೆ.

ಭುಜಕೋಟಿ
ಇನ್ನೊಂದು ಬಲೆ ಇದೆ. ‘ಎರಡೂ ಕ್ರಾಸ್ ಸಮ ಬಂತು, ಆಯತ ಆಯಿತು’ ಅನ್ನುವುದು ಅರ್ಧ ಸತ್ಯ. ಮುಂದೆ 30, ಹಿಂದೆ 29, ಎರಡು ಪಕ್ಕ 40-40 ಇರುವ ಸಮದ್ವಿಬಾಹು ತ್ರಾಪಿಜ್ಯದಲ್ಲೂ ಕರ್ಣಗಳು ಸಮವೇ: ಎರಡೂ 49 ಅಡಿ 8 ಇಂಚು 3 ನೂಲು. ಎದುರು ಬದಿಗಳು ಸಮ ಇವೆಯೇ ಎಂದು ಮೊದಲು ನೋಡಬೇಕು, ಕರ್ಣ ಆಮೇಲೆ. ಗೂಟದಾರ ಅವರು ಕೊನೆಯಲ್ಲಿ ಹಿಂದಿನ 24 ಅಳೆಯಿರಿ ಅಂದದ್ದು ಅದಕ್ಕೇ.

ಶಾಲೆಯ ಭಾಷೆಯಲ್ಲಿ: ಕರ್ಣಗಳು ಪರಸ್ಪರ ಅರ್ಧಿಸಿದರೆ ಸಮಾಂತರ ಚತುರ್ಭುಜ. ಅದರ ಮೇಲೆ ಸಮವೂ ಆದರೆ ಆಯತ. ಅರ್ಧಿಸಿ ಲಂಬವಾದರೆ ವಜ್ರಾಕೃತಿ. ಮೂರೂ ಕೂಡಿದರೆ ಚೌಕ.

ಸರಪಳಿ33
ಜಮೀನು ಅಳತೆಯಲ್ಲಿ ಕರ್ಣ ಬಿಟ್ಟರೆ ದುಡ್ಡೇ ಹೋಗುತ್ತದೆ. ಸೊಟ್ಟ ಸೈಟಿಗೆ ನಾಲ್ಕು ಬದಿ ಅಳೆದು, ಎದುರು ಬದಿಗಳ ಸರಾಸರಿ ತೆಗೆದು ಗುಣಿಸುವುದು ಎಲ್ಲೆಡೆ ನಡೆದಿದೆ. ಆ ಲೆಕ್ಕ ಸೊಟ್ಟ ಜಾಗಕ್ಕೆ ಯಾವಾಗಲೂ ಹೆಚ್ಚು ತೋರಿಸುತ್ತದೆ, ಕಡಿಮೆ ಎಂದೂ ಇಲ್ಲ. ಮಾರುವವರಿಗೆ ಹಿತ, ಕೊಳ್ಳುವವರಿಗಲ್ಲ.

ಕ್ರಮವಾಗಿ 40, 30, 42, 33 ಅಡಿ ಬದಿಗಳ ಸೈಟ್ ತೆಗೆದುಕೊಳ್ಳಿ. ಸರಾಸರಿ ಲೆಕ್ಕ: 41 × 31.5 = 1291.5 ಚದರಡಿ. ಈಗ 40 ಮತ್ತು 30ರ ತುದಿಗಳನ್ನು ಸೇರಿಸುವ ಕರ್ಣ ಅಳೆಯಿರಿ. ಅದು 50 ಬಂದರೆ ಒಂದು ತ್ರಿಭುಜ 600, ಇನ್ನೊಂದು (42, 33, 50) ಸುಮಾರು 687, ಒಟ್ಟು 1287. ಅದೇ ಕರ್ಣ 46 ಬಂದರೆ? 592 + 668 = 1260. ಬದಿಗಳು ಅವೇ, ಜಾಗ ಸರಾಸರಿ ಲೆಕ್ಕಕ್ಕಿಂತ 31 ಚದರಡಿ ಕಡಿಮೆ. ಇನ್ನೂ ಜೋರಾಗಿ ಬೇಕಾದರೆ ನಾಲ್ಕೂ ಬದಿ 100 ಅಡಿ ಇರಲಿ: ಚೌಕವಾದರೆ 10,000, ಒಂದು ಕರ್ಣ 120 ಆದರೆ 9,600, 56 ಆದರೆ ಬರೀ 5,376.

ತ್ರಿಭುಜದ ಲೆಕ್ಕ ಬಾರದವರಿಗೆ ಸುಲಭ ದಾರಿ: ಕರ್ಣದ ಮೇಲೆ ದಾರ ಬಿಗಿದು, ಉಳಿದ ಎರಡು ಮೂಲೆಗಳಿಂದ ದಾರಕ್ಕೆ ಲಂಬದೂರ ಅಳೆಯಿರಿ. ಎರಡನ್ನೂ ಕೂಡಿಸಿ, ಕರ್ಣದಿಂದ ಗುಣಿಸಿ, ಅರ್ಧ ಮಾಡಿ. ಲಂಬ ಸಿಗುವುದು ಹೇಗೆ? ಟೇಪಿನ ತುದಿ ಮೂಲೆಯಲ್ಲಿ ಹಿಡಿದು ದಾರದ ಮೇಲೆ ಆಚೆ-ಈಚೆ ತೂಗಿ, ಅತಿ ಕಡಿಮೆ ಓದುವ ಜಾಗವೇ ಲಂಬ. ಉದ್ದನೆಯ ಕರ್ಣವನ್ನೇ ಆರಿಸಿ, ಆಗ ಲಂಬಗಳು ಗಿಡ್ಡ, ತಪ್ಪೂ ಕಡಿಮೆ. ಬಂದ ಚದರಡಿಯನ್ನು 1089ರಿಂದ ಭಾಗಿಸಿದರೆ ಗುಂಟೆ. ಗುಂಟೆ ಅಂದರೆ 33 ಅಡಿ ಸರಪಳಿಯ ಒಂದು ಚೌಕ, ಅಂಥ 40 ಸೇರಿದರೆ ಎಕರೆ.

ಎಂಟುನೂಲು
ಬಾಗಿಲ ಚೌಕಟ್ಟಿಗೂ ಇದೇ. 7 × 3½ ಅಡಿ ಚೌಕಟ್ಟಿಗೆ ಕ್ರಾಸ್ 7 ಅಡಿ 9 ಇಂಚು 7 ನೂಲು. ಎರಡೂ ಒಂದೇ ಬಂದ ಮೇಲೆ ಕೆಳಗೊಂದು, ಮೂಲೆಗೊಂದು ಓರೆ ಪಟ್ಟಿ ಹೊಡೆದು ಬಿಡಿ. ಗಾರೆ ಒಣಗುವ ತನಕ ಅದನ್ನು ಕೀಳಬೇಡಿ. ಓರೆ ಪಟ್ಟಿ ಇಲ್ಲದೆ ನಿಲ್ಲಿಸಿದರೆ ಇಟ್ಟಿಗೆ ಒತ್ತಿಗೆ ಚೌಕಟ್ಟು ಮಾಲುತ್ತದೆ, ಆಮೇಲೆ ಬಾಗಿಲು ಮೇಲಿನ ಮೂಲೆಯಲ್ಲಿ ಉಜ್ಜುತ್ತದೆ. ಬಾಗಿಲನ್ನು ಹೆರೆದು ಸರಿಮಾಡಿದರೆ ಇನ್ನೊಂದು ಮೂಲೆಯಲ್ಲಿ ಸಂದಿ ಕಾಣುತ್ತದೆ.

ಆದರೆ ಕ್ರಾಸ್ ಸರಿಯಿದ್ದೂ ಬಾಗಿಲು ಕೂರದ ಕಾಯಿಲೆ ಒಂದಿದೆ, ತಿರುಚು. ಒಂದು ಮೂಲೆ ಮಾತ್ರ ಮುಂದಕ್ಕೆ ಬಂದಿರುತ್ತದೆ. ಟೇಪಿಗೆ ಅದು ಸಿಗುವುದಿಲ್ಲ. ಅದಕ್ಕೆ ಎರಡೂ ಕರ್ಣಗಳಿಗೆ ದಾರ ಬಿಗಿಯಿರಿ, ಚೌಕಟ್ಟಿನ ಮುಖಕ್ಕೆ ಅಂಟಿದಂತೆ. ನಡುವೆ ಎರಡೂ ದಾರ ಮುಟ್ಟಿಯೂ ಮುಟ್ಟದಂತೆ ಇರಬೇಕು. ಸಂದಿ ಇದ್ದರೆ ತಿರುಚಿದೆ. ಒಂದನ್ನೊಂದು ಒತ್ತುತ್ತಿದ್ದರೂ ತಿರುಚಿದೆ, ಮೇಲಿನ ದಾರವನ್ನು ಕೆಳಗೆ ಮಾಡಿ ಬಿಗಿದರೆ ಆಗ ಸಂದಿ ಕಾಣುತ್ತದೆ. ನಡುವಿನ ಸಂದಿ 2 ನೂಲು ಇದ್ದರೆ ಒಂದು ಮೂಲೆ 4 ನೂಲು ಹೊರಗಿದೆ ಅಂತ ಲೆಕ್ಕ.

ತೋಟದ_ಗೇಟು
ಮರದ ಗೇಟಿಗೆ ಓರೆ ಪಟ್ಟಿ ಯಾವ ಮೂಲೆಯಿಂದ ಯಾವ ಮೂಲೆಗೆ? ಎರಡು ಥರವೂ ನೋಡಿದ್ದೇನೆ.

ಎಂಟುನೂಲು
ಮರದ ಪಟ್ಟಿಯಾದರೆ ತಿರುಗಣೆ ಇರುವ ಕಡೆಯ ಕೆಳಮೂಲೆಯಿಂದ ಚಿಲಕದ ಕಡೆಯ ಮೇಲ್ಮೂಲೆಗೆ. ಗೇಟಿನ ಭಾರ ಆ ಪಟ್ಟಿಯನ್ನು ಒತ್ತುತ್ತದೆ, ಮರ ಒತ್ತನ್ನು ತಡೆಯುತ್ತದೆ. ತಂತಿ ಅಥವಾ ತೆಳು ಕಬ್ಬಿಣದ ಪಟ್ಟಿಯಾದರೆ ತದ್ವಿರುದ್ಧ: ತಿರುಗಣೆಯ ಮೇಲ್ಮೂಲೆಯಿಂದ ಚಿಲಕದ ಕೆಳಮೂಲೆಗೆ. ಅಲ್ಲಿ ಎಳೆತ ಬೀಳುತ್ತದೆ, ತಂತಿಗೆ ಎಳೆತವೇ ಸರಿ, ಒತ್ತಿದರೆ ಬಾಗುತ್ತದೆ. ಎರಡು ಥರ ನೋಡಿದ್ದೀರಿ ಅಂದರೆ ಎರಡೂ ಸರಿ ಇರಬಹುದು, ಯಾವುದರಿಂದ ಮಾಡಿದ್ದು ಅಂತ ನೋಡಿ.

ಕತ್ತರಿಗೆರೆ
ಹೊಲಿಗೆಯವರ ಕ್ರಾಸ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಬಟ್ಟೆಯಲ್ಲಿ ಹಾಸು ಉದ್ದಕ್ಕೆ, ಹೊಕ್ಕು ಅಡ್ಡಕ್ಕೆ. ಎರಡು ದಿಕ್ಕಿಗೂ ಎಳೆದರೆ ನೂಲೇ ಬಿಗಿದು ತಡೆಯುತ್ತದೆ. 45 ಡಿಗ್ರಿ ಓರೆಗೆ ಎಳೆದರೆ ತಡೆಯುವ ನೂಲು ಯಾವುದೂ ಇಲ್ಲ, ಸಣ್ಣ ಚೌಕಗಳೆಲ್ಲ ವಜ್ರಾಕೃತಿಯಾಗಿ ಮಾಲುತ್ತವೆ, ಬಟ್ಟೆ ಹಿಗ್ಗುತ್ತದೆ. ಎಂಟುನೂಲು ಅಣ್ಣ ಓರೆ ಪಟ್ಟಿ ಹೊಡೆದು ತಡೆಯುವ ಮಾಲುವಿಕೆಯನ್ನೇ ನಾವು ಬೇಕೆಂದು ಬಳಸಿಕೊಳ್ಳುತ್ತೇವೆ. ಕ್ರಾಸ್ ಕಟ್ ಬ್ಲೌಸ್ ಮೈಗೆ ಕೂರುವುದು, ಕತ್ತಿನ ಪೈಪಿಂಗ್ ಸುಕ್ಕಿಲ್ಲದೆ ತಿರುಗುವುದು ಇದರಿಂದ.

ಪೈಪಿಂಗಿಗೆ ಒಂದೂಕಾಲು ಇಂಚು ಅಗಲದ ಕ್ರಾಸ್ ಪಟ್ಟಿ ಬೇಕಿದ್ದರೆ ಬಟ್ಟೆಯ ಅಂಚಿನ ಮೇಲೆ ಒಂದೂಕಾಲಕ್ಕೆ ಗುರುತು ಹಾಕಬೇಡಿ. ಹಾಕಿದರೆ ಪಟ್ಟಿ 7 ನೂಲೇ ಬರುತ್ತದೆ. ಅಂಚಿನ ಮೇಲೆ ಒಂದೂಮುಕ್ಕಾಲು ಇಂಚಿಗೊಂದು ಗುರುತು ಹಾಕಿ, ಅಲ್ಲಿಂದ 45 ಡಿಗ್ರಿ ಗೆರೆ ಎಳೆಯಿರಿ. ಅಗಲವನ್ನು 1.414ರಿಂದ ಗುಣಿಸಿದ ಲೆಕ್ಕ ಅದು. 45 ಡಿಗ್ರಿಗೆ ಉಪಕರಣ ಬೇಡ: ಹಾಸಿನ ಅಂಚನ್ನು ಹೊಕ್ಕಿನ ಅಂಚಿನ ಮೇಲೆ ಮಡಚಿ ಇಟ್ಟರೆ ಮಡಿಕೆಯೇ ಕರ್ಣ. 10 ಇಂಚಿನ ಚೌಕದಿಂದ ಒಟ್ಟು 80 ಇಂಚು ಪಟ್ಟಿ, ಜೋಡಿಸುವಾಗ ಹೋಗುವುದನ್ನು ಕಳೆದುಕೊಳ್ಳಿ.

ಕತ್ತರಿಸಿದ ಪಟ್ಟಿಯನ್ನು ತೂಗು ಹಾಕಬೇಡಿ, ಇಸ್ತ್ರಿ ಎಳೆಯಬೇಡಿ. ಒತ್ತಿ ಎತ್ತಬೇಕು. ಎಳೆದರೆ ಅಗಲ ಕಿರಿದಾಗಿ ಕತ್ತಿನ ಹೊಲಿಗೆ ಅಲೆಯಲೆ ಬರುತ್ತದೆ.

ಗೂಟದಾರ
ಇದು ಚೊಲೊ ಆತ್ರೀ ಅಕ್ಕಾರ. ಟೈಲ್ಸಿಗೂ ಅದೇ 1.414. 2×2 ಟೈಲ್ (600 ಮಿ.ಮೀ) ಕ್ರಾಸ್ ಹಾಕಿದ್ರ ಒಂದು ಟೈಲ್ 849 ಮಿ.ಮೀ. ಜಾಗ ಹಿಡೀತದ. ಗೋಡಿ ಗುಂಟ ಎಲ್ಲಾ ತ್ರಿಕೋನ ತುಂಡು. ನೆಟ್ಟಗ ಹಾಕಿದ್ರ 5ರಿಂದ 10 ಪರ್ಸೆಂಟ್ ಹೆಚ್ಚಿಗಿ ತರಸೂದು ರೂಢಿ, ಕ್ರಾಸಿಗೆ 15 ತರಸ್ರಿ.

ರಿಮೋಟು
ಟೀವಿ ಅಂಗಡಿಯ ಇಂಚೂ ಕರ್ಣವೇ ಅಲ್ವಾ? ಗೋಡೆ ಗೂಡಿನ ಅಗಲ 36 ಇಂಚು ಇದೆ, 43 ಇಂಚಿನದ್ದು ಹಿಡಿಸುತ್ತಾ?

ಭುಜಕೋಟಿ
ಹಿಡಿಸುವುದಿಲ್ಲ. 16:9 ಪರದೆಯ ಅಗಲ ಕರ್ಣದ 0.872, ಎತ್ತರ 0.49. 43 ಇಂಚಿನ ಪರದೆ ಬರೀ ಗಾಜೇ 37.5 × 21.1 ಇಂಚು, ಚೌಕಟ್ಟು ಬೇರೆ. ಡಬ್ಬಿಯ ಮೇಲಿನ 108 ಸೆಂ.ಮೀ. ಕೂಡ ಕರ್ಣವೇ, ಅಗಲವಲ್ಲ. 36ರ ಗೂಡಿಗೆ 40ರ ಒಳಗಿನದ್ದು ನೋಡಿ. ಹಳೆಯ ದಪ್ಪ ಟೀವಿಗಳು 4:3, ಅಂದರೆ ಪಕ್ಕಾ 3-4-5: 20 ಇಂಚಿಗೆ 16 × 12. ಹಾಗಾಗಿ ಇಂಚು ಒಂದೇ ಇದ್ದರೂ ಹಳೆಯದಕ್ಕಿಂತ ಹೊಸದು ಗಿಡ್ಡ ಕಾಣುತ್ತದೆ.

ಎಂಟುನೂಲು
ಬೀರು ಮಾಡಿಸುವವರಿಗೂ ಅನ್ವಯ. 7 ಅಡಿ ಎತ್ತರ, 2 ಅಡಿ ಆಳದ ಬೀರುವನ್ನು ಮಲಗಿಸಿ ತಂದು ಎತ್ತಿ ನಿಲ್ಲಿಸಲು 7 ಅಡಿ ಅಲ್ಲ, 7 ಅಡಿ 3 ಇಂಚು 3 ನೂಲು ಎತ್ತರ ಬೇಕು. ಸಜ್ಜಾ ಕೆಳಗೆ 7 ಅಡಿ 2 ಇಂಚು ಇದ್ದರೆ ಅಲ್ಲಿ ಎತ್ತಲು ಆಗದು. ಹೊರಗೆ ನಿಲ್ಲಿಸಿ ಒಳಕ್ಕೆ ತಳ್ಳಬೇಕು.

ಶಂಕುನೆರಳು
ಪಂಚಾಂಗ ಗಣಿತದ ಕರ್ಣಗಳನ್ನೂ ಸೇರಿಸಿ. 12 ಅಂಗುಲದ ಶಂಕು (ನೆಟ್ಟಗಿನ ಕೋಲು) ನೆಟ್ಟು ನೆರಳು ಅಳೆದರೆ, ಶಂಕುವಿನ ತುದಿಯಿಂದ ನೆರಳಿನ ತುದಿಗೆ ಇರುವುದು ಛಾಯಾಕರ್ಣ. ನೆರಳು 5 ಆದರೆ 13, ನೆರಳು 9 ಆದರೆ 15, 16 ಆದರೆ 20. ಹಗಲು-ಇರುಳು ಸಮ ಇರುವ ದಿನದ ನಡುಹಗಲ ನೆರಳಿಗೆ ಪಲಭಾ ಎಂದು ಹೆಸರು, ಅದರ ಕರ್ಣ ಪಲಕರ್ಣ. ಬೆಂಗಳೂರಿನ ಅಕ್ಷಾಂಶ ಸುಮಾರು 13 ಡಿಗ್ರಿ, ಆದ್ದರಿಂದ ಪಲಭಾ 2.77 ಅಂಗುಲ, ಪಲಕರ್ಣ 12.3. ಗ್ರಹದ ದೂರಕ್ಕೂ ಮಂದಕರ್ಣ, ಶೀಘ್ರಕರ್ಣ ಅನ್ನುತ್ತಾರೆ. ಅದೂ ಭುಜ-ಕೋಟಿಗಳಿಂದ ಬಂದ ಓರೆ ಗೆರೆಯೇ. ಪಂಚಾಂಗದ ಐದು ಅಂಗಗಳಲ್ಲಿ ಒಂದಾದ ‘ಕರಣ’ ಬೇರೆ, ಅದು ಅರ್ಧ ತಿಥಿ.

ತಳವಿನ್ಯಾಸ
ದೇಗುಲದ ಕಡೆ ಬಂದರೆ ಕರ್ಣ ಎಂದರೆ ಗೆರೆಯಲ್ಲ, ಮೂಲೆಯೇ. ದ್ರಾವಿಡ ವಿಮಾನದ (ಗರ್ಭಗುಡಿಯ ಮೇಲೇಳುವ ಗೋಪುರದ) ಮೂಲೆಯಲ್ಲಿ ಇರುವ ಪುಟ್ಟ ಚೌಕ ಗುಡಿಯ ರೂಪಕ್ಕೆ ಕರ್ಣಕೂಟ ಎಂದು ಹೆಸರು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ವಿಮಾನದ ಮೂಲೆಗಳನ್ನು ನೋಡಿ, ಸಿಗುತ್ತವೆ. ಭುಜಕೋಟಿ ಅವರು ಹೇಳಿದ ‘ಚಾಚಿದ ತುದಿ’ಗೆ ಇದು ಸಾಕ್ಷಿಯಾದೀತು.

ನಕ್ಷತ್ರಾಕಾರದ ತಳದಲ್ಲಿ ಗೆರೆಯ ಅರ್ಥದ ಕರ್ಣವೂ ಕೆಲಸ ಮಾಡುತ್ತದೆ. ಒಂದೇ ಚೌಕವನ್ನು ನಡುಬಿಂದುವಿನ ಸುತ್ತ 22.5 ಡಿಗ್ರಿಯಂತೆ ತಿರುಗಿಸಿ ನಾಲ್ಕು ಬಾರಿ ಬರೆದರೆ 16 ತುದಿಯ ನಕ್ಷತ್ರ. ಗದಗ ಜಿಲ್ಲೆಯ ಡಂಬಳದ ದೊಡ್ಡಬಸಪ್ಪ ಗುಡಿಯದ್ದು 24 ತುದಿ. 15 ಡಿಗ್ರಿಯಂತೆ ಆರು ಚೌಕ. ನಡುವಿನಿಂದ ಪ್ರತಿ ತುದಿಗೂ ದೂರ ಚೌಕದ ಅರ್ಧ ಕರ್ಣ. ನಡುವೆ ಒಂದು ಗೂಟ, ಅರ್ಧ ಕರ್ಣದಷ್ಟು ಹಗ್ಗ ಇದ್ದರೆ ಎಲ್ಲ ತುದಿಗಳೂ ಒಂದೇ ವೃತ್ತದ ಮೇಲೆ ಬರುತ್ತವೆ. ಹಾಳೆಯ ಮೇಲೆ ಬರೆದು ನೋಡುವವರು 10 ಸೆಂ.ಮೀ. ಚೌಕಕ್ಕೆ ಕೈವಾರವನ್ನು 7.07ಕ್ಕೆ ತೆರೆದುಕೊಳ್ಳಿ.

ಬಳಪ_ಹಲಗೆ
ಒಂದು ಪದ ಕೇಳಿದ್ದಕ್ಕೆ ಇಷ್ಟು! ನಾಲ್ಕು ಪೊರಕೆ ಕಡ್ಡಿಗೆ ಸೈಕಲ್ ಟ್ಯೂಬಿನ ತುಂಡು ಚುಚ್ಚಿ ಚೌಕ ಮಾಡಿ, ಮಾಲಿಸಿ ತೋರಿಸಿ, ಆಮೇಲೆ ಕರ್ಣದ ಕಡ್ಡಿ ಸೇರಿಸಿದರೆ ಮಕ್ಕಳಿಗೆ ಎಲ್ಲವೂ ಒಟ್ಟಿಗೆ ಕಾಣಬಹುದು ಅನ್ನಿಸುತ್ತದೆ. ಆ ಕಡ್ಡಿ ಬದಿಯ ಎಷ್ಟು ಪಟ್ಟು ಇರಬೇಕು ಅಂತ ಅವರೇ ಅಳೆಯಲಿ.

ಹೊಸಮನೆ_ಕನಸು
ಗೂಟದಾರ ಅಣ್ಣಾ, ಮೇಸ್ತ್ರಿ ಒಪ್ಪಿದರು. ನೀವು ಹೇಳಿದ ಕ್ರಮದಲ್ಲೇ ಹಿಡಿದಾಗ ಹಿಂದಿನ ಬದಿ 24 ಅಡಿ 1 ನೂಲು, ಎರಡು ಕ್ರಾಸ್ ನಡುವೆ 2 ನೂಲು ವ್ಯತ್ಯಾಸ. ಮತ್ತೆ ಸರಿಸಬೇಕಾ?

ಗೂಟದಾರ
ಬ್ಯಾಡ್ರಿ, ಅಷ್ಟು ಗೂಟದ ಮೊಳಿ ಬಾಗಿದ್ರೂ ಬರ್ತದ. ಸುಣ್ಣ ಹಾಕೂ ಮೊದಲ ನಾಲ್ಕೂ ದಾರಾನ ಮೂಲಿಯಿಂದ 3 ಅಡಿ ಆಚೆ ಒಯ್ದು ಹೊರಗೂಟ ಹೊಡೀರಿ. ಮೂಲಿ ಗೂಟ ಹೆಂಗೂ ಅಗೆತದಾಗ ಹೋಗ್ತಾವ, ಹೊರಗೂಟ ಇದ್ರ ದಾರ ಮತ್ತ ಕಟ್ಟಬಹುದು. ಜೆಸಿಬಿ ಬಂದು ಹೋದ ಮ್ಯಾಲೆ ಒಮ್ಮೆ, ಬೆಡ್ ಕಾಂಕ್ರೀಟ್ ಹಾಕಿದ ಮ್ಯಾಲೆ ಒಮ್ಮೆ ಕ್ರಾಸ್ ನೋಡ್ರಿ. ನಡುವ ಮಳಿ ಆದ್ರ ಅವತ್ತೂ ನೋಡ್ರಿ, ಹಸಿ ನೆಲದಾಗ ಗೂಟ ವಾಲ್ತಾವ.